ಸೀಸ ಕಾಯಿಸಿದ ಕಾವಲಿ

ಗುಜರಿಯವನು ಗೋಣಿಚೀಲವನ್ನು ಅಂಗಳದಲ್ಲಿ ಸುರಿದಾಗ ಕಾವಲಿ ಅಕ್ಕನ ಕಣ್ಣು ಮೊದಲು ಬಿದ್ದದ್ದು ಒಂದು ಸೌಟಿನ ಮೇಲೆ. ಉದ್ದ ಹಿಡಿಯ ಕಬ್ಬಿಣದ ಸೌಟು. ಅದರ ಬಾಯಂಚಿನಲ್ಲಿ ಮೇಣದಬತ್ತಿ ಕರಗಿ ಇಳಿದ ಹಾಗೆ ಬೂದು ಬಣ್ಣದ ಹನಿಗಳು ಹೆಪ್ಪುಗಟ್ಟಿ ನಿಂತಿದ್ದವು. ಪಕ್ಕದಲ್ಲಿ ಎರಡು ಹೋಳಿನ ಒಂದು ಅಚ್ಚು. ಒಳಗೆ ಸಾಲಾಗಿ ಗೋಲಿ ಗಾತ್ರದ ಗುಳಿಗಳು.

"ಇದೇನಪ್ಪಾ ಇದು? ನಾನು ತಗೊಳ್ಳೋದು ಕಾವಲಿ, ಬಾಣಲೆ. ಇಂಥದ್ದನ್ನೆಲ್ಲ ಇಲ್ಲಿ ತಂದು ಸುರಿದ್ರೆ?"

"ಸುಮ್ನೆ ತೋರಿಸ್ದೆ ಅಕ್ಕ. ಅಚ್ಚು ಬೀಡು ಕಬ್ಬಿಣದ್ದೇ ಅಲ್ವಾ, ನಿಮ್ಮ ಮಾವನಿಗೆ ಬೇಕಾಗಬಹುದು ಅಂದ್ಕೊಂಡೆ. ಅದೇ ಮನೆದು."

"ಯಾವ ಮನೆ?"

"ಅದೇ ರೀ, ಹೋದ ಸಲ ನೀವು ಕಂಡ ಕೂಡ್ಲೇ ಎದೆಗಪ್ಪಿಕೊಂಡ್ರಲ್ಲ, ಆ ಅಂಚಿನ ಕಾವಲಿ, ಅದು ಸಿಕ್ಕಿದ ಮನೆ. ಮುದುಕ ಮೀನಿನ ಬಲೆಗೆ ಕಟ್ಟೋ ಸೀಸದ ಗುಂಡು ಹೊಯ್ತಿದ್ನಂತೆ. ಈಗ ಮಕ್ಕಳು ಹಿಂದಿನ ಶೆಡ್ಡನ್ನೂ ಖಾಲಿ ಮಾಡ್ಸಿದ್ರು."

"ಸೀಸಾನ ಯಾವುದರಲ್ಲಿ ಕಾಯಿಸ್ತಿದ್ದ?"

ಅವನು ತಲೆ ಕೆರೆದುಕೊಂಡ. "ಯಾವುದರಲ್ಲೋ... ಆ ಕಾವಲೀಲೇ ಇರಬೇಕು. ಶೆಡ್ಡಿನ ಗೋಡೆ ಮೇಲೆ ಈ ಸೌಟಿನ ಪಕ್ಕಾನೇ ನೇತಾಕಿತ್ತು. ಯಾಕಕ್ಕ? ಮುಖ ಯಾಕೆ ಹಂಗಾಯ್ತು?"

ಕಾವಲಿ ಅಕ್ಕ ಸೌಟನ್ನು ಕೈಗೆತ್ತಿಕೊಂಡಳು. ಆ ಕಾವಲಿ ಈಗ ಅವಳ ಅಂಗಳದಲ್ಲಿ ಇರಲಿಲ್ಲ. ತಾನೇ ಸುಟ್ಟು, ತಿಕ್ಕಿ, ಎಣ್ಣೆ ಹಿಡಿಸಿ, ಹೊಸ ಟವೆಲ್ಲಿನಲ್ಲಿ ಸುತ್ತಿ ಅದನ್ನು ನಾದಿನಿಗೆ ಕೊಟ್ಟು ಬಂದಿದ್ದಳು, ಹೋದ ವಾರ. ನಾದಿನಿಯ ಮನೆಯಲ್ಲಿ ಈಗಷ್ಟೇ ತುತ್ತು ನುಂಗಲು ಕಲಿಯುತ್ತಿದ್ದ ಕೂಸು ಇತ್ತು. ಕಾವಲಿಯನ್ನು ಕೇಳಿ ತರಿಸಿಕೊಂಡದ್ದೇ ಆ ಕೂಸಿಗಾಗಿ.

ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಬೀಡಿನ ಪಾತ್ರೆಯ ಗಂಧಗಾಳಿಯೂ ಗೊತ್ತಿರಲಿಲ್ಲ. ಮಾವ ಎರಕದ ಕಾರ್ಖಾನೆಯಲ್ಲಿ ಕಾದ ಕಬ್ಬಿಣವನ್ನು ಮರಳಚ್ಚಿಗೆ ಹೊಯ್ಯುತ್ತ ಆಯುಸ್ಸು ಕಳೆದವರು. ಕೆಲಸ ಬಿಟ್ಟ ಮೇಲೆ ಮನೆಯಂಗಳದಲ್ಲೇ ತುಕ್ಕು ಹಿಡಿದ, ಜಿಡ್ಡು ಕಟ್ಟಿದ, ಜನ ಕೈಬಿಟ್ಟ ಕಾವಲಿಗಳನ್ನು ತಂದು ಹಸನು ಮಾಡಿ ಮಾರತೊಡಗಿದ್ದರು. ಆಮೇಲೆ ಅವರ ಕಣ್ಣಿಗೆ ಪೊರೆ ಬಂತು. ಸೊಸೆ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಅವರ ಪಕ್ಕ ಕೂತಳು. ಮೊದಲು ಎಣ್ಣೆ ಬಟ್ಟೆ ಕೊಡುವುದಕ್ಕೆ, ಆಮೇಲೆ ತಿಕ್ಕುವುದಕ್ಕೆ, ಕೊನೆಗೆ ಬೆಂಕಿಯ ಮುಂದೆ ಕೂರುವುದಕ್ಕೂ ಅವಳೇ ಆದಳು. ಬೀದಿಯವರು ಅವಳ ಹೆಸರನ್ನು ಮರೆತು ಕಾವಲಿ ಅಕ್ಕ ಎಂದರು. ಅವಳಿಗೂ ಅದೇ ಹಿತವೆನಿಸಿತು.

ಹಳೆಯ ಜಿಡ್ಡಿನ ಚಕ್ಕೆ ಬಿಡಿಸಲು ಕಾವಲಿಯನ್ನು ಕೆಂಡದಲ್ಲಿ ಹುದುಗಿಸುವುದು ಆ ಮನೆಯ ಪದ್ಧತಿ. ಕಪ್ಪೆಲ್ಲ ಬೂದಿಯಾಗಿ ಉದುರಿ, ಲೋಹ ತನ್ನ ನಿಜ ಬಣ್ಣಕ್ಕೆ ಬರಬೇಕು. ತಾನಾಗಿ ತಣಿಯುವವರೆಗೆ ನೀರು ಸೋಕಬಾರದು. ಸೋಕಿದರೆ ಬೀಡು ಬಿರಿಯುತ್ತದೆ. ತಣಿದ ಮೇಲೆ ದಪ್ಪ ಉಪ್ಪು ಹಾಕಿ ತಿಕ್ಕು, ತೊಳೆ, ಒಲೆಯ ಮೇಲಿಟ್ಟು ಕೊನೆಯ ಹನಿ ನೀರೂ ಆರಿ ಹೋಗುವಂತೆ ಒಣಗಿಸು. ಆಮೇಲೆ ಎಣ್ಣೆ. ಹೊಸದರಲ್ಲಿ ಅವಳು ಧಾರಾಳವಾಗಿ ಎಣ್ಣೆ ಸುರಿದು ಅಂಟಂಟು ಮಾಡಿಟ್ಟಾಗ ಮಾವ ಬೆರಳಾಡಿಸಿ ನೋಡಿ, "ಇದೇನಮ್ಮಾ, ಕಾವಲಿಗೆ ಸ್ನಾನ ಮಾಡಿಸಿದ್ದೀಯಾ? ಎಣ್ಣೆ ಹಚ್ಚಿದ್ದು ಕಾವಲಿಗೆ ಗೊತ್ತಾಗಬೇಕು, ನಮಗೆ ಗೊತ್ತಾಗಬಾರದು" ಎಂದಿದ್ದರು. ಹಚ್ಚಿದ್ದನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿ ತೆಗೆದು, ಹೊಗೆಯಾಡುವ ತನಕ ಕಾಯಿಸಿ, ತಣಿಸಿ, ಮತ್ತೆ ಹಚ್ಚಿ, ಮತ್ತೆ ಕಾಯಿಸಿ ಪಳಗಿಸಬೇಕು. ಹಾಗೆ ಪಳಗಿದ ಕಾವಲಿಯಲ್ಲಿ ಮೊಟ್ಟೆ ಕೂಡ ಜಾರುತ್ತದೆ.

ಇಷ್ಟಕ್ಕೂ ಮೊದಲು ಮಾವನದೊಂದು ಪ್ರಶ್ನೆ ಇರುತ್ತಿತ್ತು. ಹೊಸದಾಗಿ ಬಂದ ಯಾವ ಪಾತ್ರೆಯನ್ನಾದರೂ ಕೈಗೆ ತೆಗೆದುಕೊಂಡು, ಬೆರಳ ಗಂಟಿನಿಂದ ಬಡಿದು ಸದ್ದು ಕೇಳಿ, "ಇದು ಹಿಂದೆ ಏನು ಕೆಲಸ ಮಾಡ್ಕೊಂಡಿತ್ತು?" ಎಂದು ವಿಚಾರಿಸುವರು.

"ಕೆಲಸಕ್ಕೆ ಸೇರಿಸ್ಕೊಳ್ಳೋರ ಹಾಗೆ ಕೇಳ್ತೀರಲ್ಲ ಮಾವ" ಎಂದು ಅವಳು ನಗುವಳು.

"ಸೇರಿಸ್ಕೊಳ್ತಾ ಇರೋದು ಒಲೆಗಲ್ವೇನಮ್ಮಾ" ಎನ್ನುವರು.

ಈ ಕಾವಲಿ ಬಂದ ದಿನವೂ ಕೇಳಿದ್ದರು. ಚೀಲದಲ್ಲಿ ಅದರ ಜೊತೆಗೆ ಚಮಚ, ಜರಡಿ, ಲಟ್ಟಣಿಗೆ ಇದ್ದುದನ್ನು ಕಂಡು ಅವಳು, "ಅಡುಗೆಮನೆದೇ ಮಾವ" ಎಂದುಬಿಟ್ಟಿದ್ದಳು. ಗುಜರಿಯವನನ್ನು ಒಂದು ಮಾತು ಕೇಳಿರಲಿಲ್ಲ. ಕೇಳುವ ವ್ಯವಧಾನವೇ ಇರಲಿಲ್ಲ. ಅದರ ಹಿಂದಿನ ಸಂಜೆಯಷ್ಟೇ ನಾದಿನಿಯ ಫೋನು ಬಂದಿತ್ತು.

ನಾದಿನಿಯನ್ನು ಮನೆಯವರೆಲ್ಲ ಮೆಣಸಿನಕಾಯಿ ಎಂದೇ ಕರೆಯುತ್ತಿದ್ದದ್ದು; ಮಾವನ ಒಬ್ಬಳೇ ಮಗಳು, ಮೂಗಿನ ತುದಿಯಲ್ಲೇ ಕೋಪ. ಕೂಸು ಹುಟ್ಟಿದ ಹೊಸದರಲ್ಲಿ ಕಾವಲಿ ಅಕ್ಕ ಅವಳಿಗೆ ಗುಜರಿಯಲ್ಲಿ ಸಿಕ್ಕಿದ ಒಂದು ತೊಟ್ಟಿಲನ್ನು ಉಜ್ಜಿ, ಬಣ್ಣ ಬಳಿದು ಒಯ್ದಿದ್ದಳು. "ಕಂಡವರ ಮನೆ ಕಸದಲ್ಲಿ ನನ್ನ ಮಗು ಮಲಗಬೇಕಾ ಅತ್ತಿಗೆ? ನಿಮ್ಮ ಗುಜರಿ ನಿಮ್ಮ ಅಂಗಳದಲ್ಲೇ ಇರ್ಲಿ" ಎಂದಿದ್ದಳು ಅವಳು. ಮಾತಿಗೆ ಮಾತು ಬೆಳೆದು, ಆಮೇಲೆ ಮಾತೇ ನಿಂತುಹೋಯಿತು. ಎಷ್ಟೋ ತಿಂಗಳು ಮುಖಕ್ಕೆ ಮುಖ ಕೊಟ್ಟಿರಲಿಲ್ಲ. ಅಂಥವಳು ತಾನಾಗಿ ಫೋನು ಮಾಡಿ, "ಅತ್ತಿಗೆ, ಪಾಪುಗೆ ರಕ್ತದಲ್ಲಿ ಕಬ್ಬಿಣ ಕಮ್ಮಿ ಅಂದ್ರು ಡಾಕ್ಟರು. ಔಷಧಿ ಕೊಟ್ಟಿದ್ದಾರೆ. ಕಬ್ಬಿಣದ ಪಾತ್ರೇಲಿ ಬೇಯಿಸಿ ಕೊಟ್ರೂ ಒಳ್ಳೇದಂತಲ್ಲ... ನೀವು ಪಳಗಿಸಿದ್ದು ಒಂದು ಕೊಡ್ತೀರಾ?" ಎಂದಿದ್ದಳು. ಕಾವಲಿ ಅಕ್ಕ ಆ ರಾತ್ರಿ ಗಂಡನಿಗೆ, ಲಾರಿಯಲ್ಲಿ ಎಲ್ಲೋ ದೂರದಲ್ಲಿದ್ದವನಿಗೆ, ಫೋನಿನಲ್ಲೇ ಕುಣಿದಾಡುತ್ತ ಹೇಳಿದ್ದಳು. ಅಂಗಳದಲ್ಲಿದ್ದ ಯಾವ ಕಾವಲಿಯೂ ಅವಳ ಮನಸ್ಸಿಗೆ ಬಂದಿರಲಿಲ್ಲ. ಮರುದಿನ ಈ ಕಾವಲಿ ಬಂತು. ಬೆರಳೆತ್ತರದ ಅಂಚು, ಕೈಗೆ ಹೇಳಿ ಮಾಡಿಸಿದಂಥ ಹಿಡಿ, ಮೇಲ್ನೋಟಕ್ಕೆ ಕನ್ನಡಿಯಂತೆ ನುಣುಪಾದ ತಳ.

ಈಗ ಗುಜರಿಯವನ ಮುಂದೆ ನಿಂತಾಗ ಒಂದೊಂದೇ ನೆನಪಾಯಿತು. ಸುಟ್ಟ ದಿನ ಬೂದಿಯಲ್ಲಿ ಹೊಳೆಯುವ ಒಂದು ಹನಿ ಕಂಡಿತ್ತು. ಯಾವುದೋ ಬೆಸುಗೆಯ ಚೂರೆಂದು ಗುಡಿಸಿ ಹಾಕಿದ್ದಳು. ತಳದ ಒಂದು ಮೂಲೆಯಲ್ಲಿ ಸಣ್ಣ ಸಣ್ಣ ತೂತಿನಂಥ ಗುಳಿಗಳಿದ್ದವು. ಅಲ್ಲಿ ಎಷ್ಟು ಸಲ ಎಣ್ಣೆ ಹಿಡಿಸಿದರೂ ಪದರ ಕೂರದೆ ಸಿಪ್ಪೆ ಏಳುತ್ತಿತ್ತು. ಹಟ ಹಿಡಿದು ಇನ್ನೊಂದು ಪದರ, ಮತ್ತೊಂದು ಪದರ ಕೊಟ್ಟು ಮುಚ್ಚಿಹಾಕಿದ್ದಳು. ಕಬ್ಬಿಣ ಎಣ್ಣೆ ಬೇಡ ಅನ್ನುವುದಿಲ್ಲ. ಬೇಡ ಅಂದದ್ದು ಕಬ್ಬಿಣವಲ್ಲ.

ಒಳಗೆ ಹೋಗಿ ಮಾವನ ಮುಂದೆ ಸೌಟನ್ನಿಟ್ಟಳು. ಅವರು ಬೂದು ಹನಿಯ ಮೇಲೆ ಉಗುರೂರಿದರು. ಉಗುರು ಗುರುತು ಮೂಡಿಸಿತು. ಕೈ ಹಿಂದಕ್ಕೆಳೆದುಕೊಂಡು, "ಸೀಸ" ಎಂದರು. "ಎಲ್ಲಿಂದ ಬಂತು?"

ಅವಳು ಹೇಳಿದಳು. ಮುಚ್ಚಿಡದೆ, ತಾನು ಕೇಳದೆ ಬಿಟ್ಟದ್ದನ್ನೂ ಹೇಳಿದಳು.

ಮಾವ ಬೈಯಲಿಲ್ಲ, ಗೋಡೆಗೆ ಒರಗಿದರು. ಬೈದರೆ ವಾಸಿಯಿತ್ತು. "ನಮ್ಮ ಕಾರ್ಖಾನೇಲಿ ಸೀಸದ ಶೆಡ್ಡೇ ಬೇರೆ ಇತ್ತು" ಎಂದರು. "ಅಲ್ಲಿನೋರಿಗೆ ಹೊಟ್ಟೆ ಕಿವುಚೋದು, ಮಣಿಕಟ್ಟು ಸೋತು ಜೋತು ಬೀಳೋದು. ಅವರು ಮೈ ತೊಳ್ಕೊಳ್ಳದೆ ಮನೆಗೆ ಹೋಗಂಗಿರ್ಲಿಲ್ಲ, ಮನೇಲಿ ಮಕ್ಕಳಿರ್ತಾವೆ ಅಂತ. ದೊಡ್ಡೋರು ಹ್ಯಾಗೋ ತಡ್ಕೋತಾರಮ್ಮ. ಮಕ್ಕಳಿಗೆ ಅದು ತಲೆಗೆ ಹೋಗುತ್ತೆ. ಬುದ್ಧಿ ಬೆಳೆಯೋದೇ ನಿಧಾನ ಆಗುತ್ತೆ. ಹೋಗು. ಇಲ್ಲಿ ನಿಂತು ನನ್ನ ಮುಖ ನೋಡ್ತಾ ಇರಬೇಡ. ಹೋಗು."

ನಾದಿನಿಗೆ ಫೋನು ಮಾಡಿದಳು. ರಿಂಗಾಯಿತು, ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಅದೇ ಕಥೆ. ಮಗಳು ಶಾಲೆಯಿಂದ ಬಂದರೆ ಪಕ್ಕದ ಮನೆಯ ದರ್ಜಿಯಮ್ಮ ನೋಡಿಕೊಳ್ಳಲಿ ಎಂದು ಬೇಲಿಯ ಮೇಲಿಂದಲೇ ಕೂಗಿ ಹೇಳಿ, ಒಳಗೆ ಓಡಿ, ತನ್ನ ಒಲೆಯ ಮೇಲಿನ ಸ್ವಂತ ಕಾವಲಿಯನ್ನು ಚೀಲಕ್ಕೆ ತುರುಕಿಕೊಂಡಳು. ಯಾಕೆ ತುರುಕಿಕೊಂಡೆ ಎಂದು ಅವಳಿಗೆ ಸ್ಪಷ್ಟವಾದದ್ದು ಬಸ್ಸಿನಲ್ಲಿ ಸೀಟು ಸಿಕ್ಕಿ ಕೂತ ಮೇಲೆ.

ಹೇಳದೇ ಇರಬಹುದಲ್ಲ.

"ಇನ್ನೊಂದು ಪದರ ಎಣ್ಣೆ ಹಿಡಿಸೋದಿದೆ ಮರಿ, ಅಲ್ಲಿವರೆಗೆ ಇದನ್ನ ಬಳಸು" ಎಂದು ಕಾವಲಿ ಬದಲಾಯಿಸಿಕೊಂಡು ಬಂದರೆ ಮುಗಿಯಿತು. ಕಂಡವರ ಮನೆ ಕಸ ಎಂದವಳ ಮಾತು ನಿಜವಾಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ತೊಡೆಯ ಮೇಲಿನ ಚೀಲ ಗುಂಡುಕಲ್ಲಿನಂತೆ ಭಾರವಾಗಿತ್ತು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು, ಹೊರಟಿತು, ಮತ್ತೆ ನಿಂತಿತು. ಎದುರು ಸೀಟಿನ ಹೆಂಗಸಿನ ಹೆಗಲ ಮೇಲೆ ಒಂದು ಮಗು ಬಿಸ್ಕತ್ತು ಚೀಪುತ್ತ ಇವಳನ್ನೇ ನೋಡುತ್ತಿತ್ತು. ಕಾವಲಿ ಅಕ್ಕ ಮುಖ ಕಿಟಕಿಗೆ ತಿರುಗಿಸಿದಳು. ಒಂದು ವಾರ ತಿಂದದ್ದು ಹೊಟ್ಟೆಗೆ ಹೋಗಿದ್ದರೆ? ಕಾವಲಿ ಬದಲಾದರೆ ಮಗುವಿನ ರಕ್ತ ಬದಲಾಗುತ್ತದೆಯೇ?

ನಾದಿನಿಯ ಮನೆ ಮೂರನೇ ಮಹಡಿಯಲ್ಲಿ. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಬಾಗಿಲು ತೆರೆದ ನಾದಿನಿ ಬೆರಳನ್ನು ತುಟಿಗೆ ಒತ್ತಿ, ಕಣ್ಣಲ್ಲೇ ನಕ್ಕು ಒಳಗೆ ಕರೆದಳು.

"ಮಲಗಿದ್ದಾನೆ. ಅದಕ್ಕೇ ಫೋನು ಸೈಲೆಂಟು. ಏನತ್ತಿಗೆ, ದಾರಿ ತಪ್ಪಿ ಬಂದ್ರಾ? ಬೆವರು ನೋಡಿ! ಕೂತ್ಕೊಳ್ಳಿ, ನೀರು ತರ್ತೀನಿ."

ಅಡುಗೆಮನೆಯಿಂದ ಮೊಟ್ಟೆಯ ವಾಸನೆ ಬರುತ್ತಿತ್ತು. ಒಲೆಯ ಮೇಲೆ ಆ ಕಾವಲಿ, ಅದರ ಪಕ್ಕ ಪುಟ್ಟ ಬಟ್ಟಲು. ಬಟ್ಟಲಲ್ಲಿ ಟೊಮೇಟೊ ಹಾಕಿ ಮೆತ್ತಗೆ ಕಲಸಿದ ಮೊಟ್ಟೆ, ಮೇಲೊಂದು ಪುಟಾಣಿ ಚಮಚ.

"ಅದೂ... ಆ ಕಾವಲಿಗೆ ಇನ್ನೊಂದು ಸಲ ಎಣ್ಣೆ ಹಿಡಿಸೋದಿತ್ತು" ಎಂದಳು ಕಾವಲಿ ಅಕ್ಕ. ದನಿ ತನ್ನದಲ್ಲ ಎನ್ನಿಸಿತು. "ತಗೊಂಡು ಹೋಗ್ತೀನಿ. ಬೇರೇದು ತಂದಿದ್ದೀನಿ."

"ಅಯ್ಯೋ ಬೇಡಪ್ಪಾ! ಇದನ್ನ ಕೊಡಲ್ಲ ನಾನು. ಅಂಟೋದೇ ಇಲ್ಲ ಗೊತ್ತಾ? ನೀವು ಹೇಳಿಕೊಟ್ಟ ಹಾಗೇ, ಸೋಪು ಹಾಕಿ ನೆನೆಸಲ್ಲ, ಒಲೆ ಮೇಲೆ ಒಣಗಿಸ್ತೀನಿ, ಬಟ್ಟೇಲಿ ಎಣ್ಣೆ ಸವರಿಡ್ತೀನಿ. ಇವರಂತೂ ರೇಗಿಸ್ತಾರೆ, ಮಗೂಗಿಂತ ಕಾವಲೀನೇ ಜಾಸ್ತಿ ಮುದ್ದು ಮಾಡ್ತೀಯ ಅಂತ. ದಿನಾ ಎರಡು ಹೊತ್ತೂ ಅವನಿಗೆ ಇದರಲ್ಲೇ. ಇರ್ಲಿ ಬಿಡಿ, ಮುಂದಿನ ವಾರ ತಗೊಂಡೋಗಿ."

ಒಳಗಿನ ಕೋಣೆಯಿಂದ ಕೂಸು ಅಳುವ ಸದ್ದು ಬಂತು. "ಎದ್ದ ನೋಡಿ, ಹಸಿವಿಗೆ ಗಡಿಯಾರ ಇಟ್ಟವನ ಹಾಗೆ" ಎನ್ನುತ್ತ ನಾದಿನಿ ಬಟ್ಟಲನ್ನು ಎತ್ತಿಕೊಂಡು ಹೊರಟಳು. ಕಾವಲಿ ಅಕ್ಕನ ಕೈ ತಾನಾಗಿ ಮುಂದೆ ಹೋಗಿ ಬಟ್ಟಲನ್ನು ಕಿತ್ತುಕೊಂಡಿತು. ಚಮಚ ನೆಲಕ್ಕೆ ಬಿದ್ದು ಉರುಳಿತು.

"ಅತ್ತಿಗೆ!"

"ಕೊಡಬೇಡ. ಮರಿ, ಕೊಡಬೇಡ ಇದನ್ನ." ಬಟ್ಟಲನ್ನು ಕಸದ ಡಬ್ಬಿಗೆ ಮಗುಚಿದಳು. "ನಾನು ಈಗ ಹೇಳಿದ್ದು ಸುಳ್ಳು. ಎಣ್ಣೆಗಲ್ಲ ಬಂದಿದ್ದು. ಆ ಕಾವಲೀಲಿ ಮುಂಚೆ ಯಾರೋ ಸೀಸ ಕಾಯಿಸ್ತಿದ್ರಂತೆ. ಇವತ್ತು ಗೊತ್ತಾಯ್ತು. ಇನ್ನೂ ಖಾತ್ರಿ ಇಲ್ಲ, ಆದ್ರೆ ಇರಬಹುದು."

ನಾದಿನಿ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಸೊಂಟದ ಮೇಲೆ ಅದು ಬಟ್ಟಲಿದ್ದ ಕಡೆಗೇ ಕೈ ಚಾಚಿ ಚೀರುತ್ತಿತ್ತು.

"ಖಾತ್ರಿ ಮಾಡಿ" ಎಂದಳು. "ನನ್ನ ಕಣ್ಣ ಮುಂದೆ ಮಾಡಿ."

ಕಾವಲಿ ಅಕ್ಕ ಕಾವಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆ ಮೂಲೆಯ ಗುಳಿಗಳನ್ನು ಹುಡುಕಿ, ತನ್ನ ಬಟ್ಟೆಗೆ ಚುಚ್ಚಿದ್ದ ಪಿನ್ನನ್ನು ತೆಗೆದು, ತಾನೇ ಪದರ ಪದರವಾಗಿ ಕೂರಿಸಿದ್ದ ಕಪ್ಪನ್ನು ಕೆರೆದಳು. ಕಪ್ಪು ಪುಡಿಯಾಗಿ ಎದ್ದಿತು. ಇನ್ನಷ್ಟು ಒತ್ತಿ ಕೆರೆದಳು. ಕಬ್ಬಿಣವಾದರೆ ಪಿನ್ನು ಜಾರಬೇಕು, ಕಿರ್ ಎನ್ನಬೇಕು. ಜಾರಲಿಲ್ಲ. ಗುಳಿಯೊಳಗಿಂದ ಕೂದಲೆಳೆಯಂಥ ಬೂದು ಸುರುಳಿ ಮೆತ್ತಗೆ ಮೇಲೆದ್ದು ಬಂತು. ಅದನ್ನು ಹಳೆಯ ಪೇಪರಿನ ಖಾಲಿ ಅಂಚಿಗೆ ಒತ್ತಿ ಎಳೆದಳು. ಪೆನ್ಸಿಲಿನಿಂದ ಗೀಚಿದಂತೆ ಬೂದು ಗೆರೆ ಮೂಡಿತು.

"ಕಬ್ಬಿಣ ಹೀಗೆ ಬರೆಯಲ್ಲ" ಎಂದಳು.

"ನಾನು ಅವತ್ತೇ ಅಂದಿದ್ದೆ." ನಾದಿನಿಯ ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ನಿಮ್ಮ ಗುಜರಿ ನನ್ನ ಮಗು ಹತ್ರ ಬರಬಾರದು ಅಂತ ಅಂದಿದ್ದೆ. ಕೊನೆಗೆ ನಾನೇ ಬಾಯಿಬಿಟ್ಟು ಕೇಳಿದ್ನಲ್ಲ! ಕೇಳಿ ತಗೊಂಡ್ನಲ್ಲ!"

"ನೀನು ಕೇಳಿದ್ದು ತಪ್ಪಲ್ಲ. ನಾನು ಕೇಳಬೇಕಾದವರನ್ನ ಕೇಳ್ಲಿಲ್ಲ. ಬೈಯೋದೆಲ್ಲ ಆಮೇಲೆ ಬೈಯಿ, ಒಂದೂ ಬಿಡದ ಹಾಗೆ ಬೈಯಿ. ಈಗ ಡಾಕ್ಟರ ಹತ್ರ ಹೋಗೋಣ."

ನಾದಿನಿ ಕೂಸಿನ ಬಾಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮತ್ತೆ ಒರೆಸಿದಳು. ಏನೂ ತಿಂದಿರದ ಬಾಯನ್ನು ಒರೆಸುತ್ತಲೇ ಇದ್ದಳು.

ಕ್ಲಿನಿಕ್ಕಿನಲ್ಲಿ ಬೆಂಚು ತುಂಬ ಜನ. ಇಬ್ಬರೂ ಗೋಡೆಗೆ ಒರಗಿ ನಿಂತರು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ಒಳಗೆ ಕರೆದಾಗ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, ಗಾಬರಿ ತೋರಿಸದೆ, ಎಷ್ಟು ದಿನ, ಯಾವ ಯಾವ ಆಹಾರ ಎಂದು ವಿಚಾರಿಸಿದರು. ಟೊಮೇಟೊ ಎಂದಾಗ ಮಾತ್ರ ಅವರ ಪೆನ್ನು ಅರೆಗಳಿಗೆ ನಿಂತಿತು. "ಹುಳಿ ಇದ್ರೆ ಲೋಹ ಜಾಸ್ತಿ ಬಿಡುತ್ತೆ" ಎಂದರು. "ಇನ್ನೊಂದು ವಿಷಯ. ಮಗುಗೆ ಮೊದಲೇ ಕಬ್ಬಿಣದ ಅಂಶ ಕಡಿಮೆ. ಅಂಥ ಮಕ್ಕಳ ಮೈ ಸೀಸಾನ ಬೇಗ ಹೀರ್ಕೊಳ್ಳುತ್ತೆ. ಅದಕ್ಕೇ ತಡ ಮಾಡದೆ ಬಂದದ್ದು ಒಳ್ಳೇದಾಯ್ತು. ರಕ್ತ ನೋಡೋಣ, ಆಮೇಲೆ ಮಾತಾಡೋಣ."

ಆ ಎಳೇ ಕೈಯಲ್ಲಿ ನರ ಸಿಗಲಿಲ್ಲ. ನರ್ಸು ಒಂದು ಕಡೆ ಚುಚ್ಚಿ, ತೆಗೆದು, ಇನ್ನೊಂದು ಕಡೆ ಚುಚ್ಚಿದಳು. ಅತ್ತು ಅತ್ತು ಕೂಸಿನ ಮುಖ ಕೆಂಪಾಗಿ ನೀಲಿಗಟ್ಟಿತು. ಕಾವಲಿ ಅಕ್ಕ ಬಾಗಿಲ ಬಳಿ ನಿಂತು ತನ್ನ ತುಟಿಯನ್ನು ತಾನೇ ಕಚ್ಚಿಕೊಂಡಳು.

"ಆ ಪಾತ್ರೆ ಸುಟ್ಟೋರು ಯಾರು?" ನರ್ಸು ತಿರುಗಿ ಕೇಳಿದಳು. "ನೀವಾ? ಬನ್ನಿ, ನಿಮ್ಮದೂ ಕೊಡಿ. ಹೊಗೆ ಕುಡಿದಿರ್ತೀರಿ. ಮನೇಲಿ ಮಕ್ಕಳಿದ್ವಾ ಆಗ?"

"ಮಗಳು ಶಾಲೆಗೆ ಹೋಗಿದ್ಳು." ಆ ಹೊಗೆ ತನ್ನ ಮಗಳಿಗೂ ತಾಗಿರಬಹುದೆಂದು ಅಷ್ಟು ಹೊತ್ತು ಅವಳಿಗೆ ಹೊಳೆದೇ ಇರಲಿಲ್ಲ.

"ಅವಳನ್ನೂ ಒಂದ್ಸಲ ಕರ್ಕೊಂಡು ಬನ್ನಿ."

ಫಲಿತಾಂಶ ಬರಲು ಕೆಲವು ದಿನ ಬೇಕು ಎಂದರು. ಹೊರಗೆ ಬಂದ ಮೇಲೆ ನಾದಿನಿ ಆಟೋ ಹತ್ತುವ ಮುನ್ನ, "ಬದಲಾಯಿಸ್ಕೊಂಡು ಹೋಗಿಬಿಡಬಹುದಿತ್ತಲ್ಲ ನೀವು? ನನಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದಳು.

"ಹಾಗೇ ಮಾಡೋಣ ಅಂತಾನೇ ಬಂದಿದ್ದು."

ನಾದಿನಿ ಅವಳನ್ನು ಒಂದು ಕ್ಷಣ ದಿಟ್ಟಿಸಿ ನೋಡಿದಳು. "ನೀವಾಗಿ ಫೋನು ಮಾಡಬೇಡಿ. ನಾನೇ ಮಾಡ್ತೀನಿ" ಎಂದು ಹೊರಟುಹೋದಳು.

ಅವು ಕೆಟ್ಟ ದಿನಗಳು. ಮಾವ ಎರಡು ತುತ್ತು ತಿಂದು ಕೈತೊಳೆಯುವರು. ಮಗಳ ರಕ್ತವನ್ನೂ ಕೊಟ್ಟು ಬಂದಿದ್ದಳು. ಹುಡುಗಿ ಚಾಕಲೇಟು ಸಿಕ್ಕಿತೆಂಬ ಖುಷಿಯಲ್ಲಿ ಹತ್ತಿ ಅಂಟಿಸಿದ ಕೈಯನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದಳು. ಕಾವಲಿ ಅಕ್ಕ ಬೆಂಕಿಯ ಗುಂಡಿಯ ಬೂದಿಯನ್ನು ಬಾಯಿಗೆ ಬಟ್ಟೆ ಕಟ್ಟಿಕೊಂಡು ನೀರು ಚಿಮುಕಿಸಿ ತೆಗೆದು, ನಗರಸಭೆಯವರು ವಿಷದ ಡಬ್ಬಿಗಳನ್ನು ತೆಗೆದುಕೊಳ್ಳುವ ಜಾಗಕ್ಕೆ ಕೊಟ್ಟು ಬಂದಳು. ಅಂಗಳದಲ್ಲಿದ್ದ ಅಷ್ಟೂ ಪಾತ್ರೆಗಳ ಗುಳಿ ಗುಳಿಯನ್ನೂ ಪಿನ್ನಿನಿಂದ ಕೆರೆದು ಪೇಪರಿಗೆ ಉಜ್ಜಿದಳು. ಯಾವುದೂ ಗೆರೆ ಬರೆಯಲಿಲ್ಲ. ಆದರೂ ಪಳಗಿಸಿಕೊಡಲು ಪಾತ್ರೆ ಬಿಟ್ಟು ಹೋಗಿದ್ದವರಿಗೆಲ್ಲ ಹೀಗೆ ಹೀಗಾಯಿತು ಎಂದು ಹೇಳಿದಳು. ಕೆಲವರು "ಆಗುತ್ತೆ ಬಿಡಕ್ಕ" ಎಂದರು. ಹೋಟೆಲಿನವನು ಮಾತ್ರ ಅರ್ಧ ತಿಕ್ಕಿದ್ದ ತನ್ನ ಕಾವಲಿಗಳನ್ನು ಹಾಗೇ ಎತ್ತಿಕೊಂಡು ಹೋದ. ದರ್ಜಿಯಮ್ಮ, "ನಿನಗೇನು ಹುಚ್ಚೇ? ಯಾರೂ ಕೇಳದೆ ಇದ್ದದ್ದನ್ನ ಡಂಗುರ ಹೊಡಿತೀಯಲ್ಲೇ" ಎಂದು ಬೈದಳು.

ಗುಜರಿಯವನು ಮತ್ತೆ ಬಂದ. ನಾದಿನಿಯ ಮನೆಯಿಂದ ವಾಪಸ್ ತಂದು ಬಾಗಿಲ ಬಳಿ ಚೀಲದಲ್ಲಿ ಕಟ್ಟಿಟ್ಟಿದ್ದ ಕಾವಲಿಯನ್ನು ನೋಡಿ, "ನನಗೇ ವಾಪಸ್ ಕೊಡಿ ಅಕ್ಕ. ನೋಡೋಕೆ ರಾಜನ ಹಾಗಿದೆ. ಸಂತೇಲಿ ಯಾರಾದ್ರೂ ತಗೋತಾರೆ" ಎಂದ.

"ತಗೊಂಡು ಏನು ಮಾಡ್ತಾರೆ?"

"ಅದು ನಮಗ್ಯಾಕೆ?"

ಒಳಗಿನಿಂದ ಮಾವ ಕೂಗಿದರು. "ಡ್ರಿಲ್ಲು ತಾರಮ್ಮ ಇಲ್ಲಿ. ಅವನನ್ನೂ ಒಳಗೆ ಕರಿ. ಅವನೇ ಹಿಡ್ಕೊಳ್ಳಲಿ."

ಪುಡಿ ಹಾರದಂತೆ ಮೇಲೆ ಎಣ್ಣೆ ಸುರಿದು, ಕಣ್ಣು ಕಾಣದ ಮಾವ ಬೆರಳಲ್ಲಿ ನಡುವನ್ನು ಗುರುತು ಮಾಡಿಕೊಟ್ಟರು. ಗುಜರಿಯವನು ಗೊಣಗುತ್ತ ಹಿಡಿದುಕೊಂಡ, ಕಾವಲಿ ಅಕ್ಕ ಡ್ರಿಲ್ಲನ್ನು ಒತ್ತಿದಳು. ಹಲ್ಲು ಕಡಿದಂಥ ಸದ್ದು. ಹೆಬ್ಬೆರಳು ತೂರುವಷ್ಟು ತೂತಾದ ಮೇಲೆ ಮಾವ, "ಈಗ ಇದನ್ನ ಯಾರೂ ಒಲೆಗೆ ಏರಿಸಲ್ಲ" ಎಂದರು. ಅವರು ಜೀವಮಾನದಲ್ಲಿ ಒಂದು ಪಾತ್ರೆಯನ್ನೂ ಕೆಡಿಸಿದವರಲ್ಲ. ಕೈ ಒರೆಸಿಕೊಂಡು ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗಿಬಿಟ್ಟರು.

ನಾದಿನಿಯ ಫೋನು ಬಂದಾಗ ಕಾವಲಿ ಅಕ್ಕ ಮಗಳಿಗೆ ಜಡೆ ಹಾಕುತ್ತಿದ್ದಳು.

"ಜಾಸ್ತಿ ಇದೆ" ಎಂದಳು ನಾದಿನಿ, ಪೀಠಿಕೆಯಿಲ್ಲದೆ. "ಇರಬೇಕಾದ್ದಕ್ಕಿಂತ ಜಾಸ್ತಿ. ಆಸ್ಪತ್ರೆಗೆ ಸೇರಿಸೋ ಅಷ್ಟಲ್ಲ ಅಂದ್ರು. ಕಬ್ಬಿಣದ ಹನಿ ಜಾಸ್ತಿ ಮಾಡಿದ್ದಾರೆ. ಆ ಪಾತ್ರೆ ನಿಂತರೆ ಇಳಿಯಬೇಕು ಅಂದ್ರು. ಇಳಿಯುತ್ತೆ ಅನ್ನಲಿಲ್ಲ, ಇಳಿಯಬೇಕು ಅಂದ್ರು. ಮುಂದಿನ ತಿಂಗಳು ಮತ್ತೆ ನೋಡ್ತಾರೆ."

"ಮರಿ..."

"ನಿಮ್ಮದು ಸ್ವಲ್ಪ ಇದೆಯಂತೆ, ಹೇಳು ಅಂದ್ರು. ನಿಮ್ಮ ಮಗಳದು ಏನೂ ಇಲ್ಲ." ಫೋನು ಇಡುವ ಮುನ್ನ ಇನ್ನೊಂದು ಮಾತು ಸೇರಿಸಿದಳು. "ಅಪ್ಪನಿಗೆ ಊಟ ಮಾಡೋಕೆ ಹೇಳಿ." ಫೋನು ಕಟ್ಟಾಯಿತು.

ಆ ತಿಂಗಳು ಪೂರ್ತಿ ಕಾವಲಿ ಅಕ್ಕ ಬೆಂಕಿ ಹಾಕಲಿಲ್ಲ. ಸುಡುವ ಬದಲು ಒಗೆಯುವ ಸೋಡಾ ಕರಗಿಸಿದ ನೀರಿನಲ್ಲಿ ನೆನೆಹಾಕಿ ಜಿಡ್ಡು ಬಿಡಿಸುವುದನ್ನು ಕಲಿತಳು; ನಿಧಾನದ ಕೆಲಸ, ಕೈ ಚರ್ಮ ಸುಲಿಯುವ ಕೆಲಸ. ಕೂಸು ಕತ್ತು ತಿರುಗಿಸುವುದನ್ನು, ಬೆರಳಲ್ಲಿ ಕಾಳು ಹೆಕ್ಕುವುದನ್ನು, ಹೆಸರು ಕರೆದರೆ ನೋಡುವುದನ್ನು ಕಣ್ಣಾರೆ ಕಾಣಬೇಕೆಂದು ಹಂಬಲಿಸುತ್ತಿದ್ದಳು. ಯಾರದೋ ಮಗು ಬೀದಿಯಲ್ಲಿ ತಪ್ಪು ಹೆಜ್ಜೆ ಇಟ್ಟು ಬಿದ್ದರೂ ಅವಳು ಕೈಯ ಕೆಲಸ ಬಿಟ್ಟು ಓಡಿ ನೋಡುತ್ತಿದ್ದಳು. ಗಂಡ ಬಂದು ಹೋದ. "ಬೇಕಂತ ಮಾಡಿದ್ಯಾ? ಇಲ್ವಲ್ಲ" ಎಂದ. ಅವಳಿಗೆ ಆ ಸಮಾಧಾನ ಯಾವ ಮೂಲೆಗೂ ಸಾಲಲಿಲ್ಲ.

ಎರಡನೇ ಸಲದ ರಕ್ತ ಕೊಟ್ಟು ಬಂದದ್ದನ್ನು ನಾದಿನಿ ಹೇಳಲೇ ಇಲ್ಲ. ಒಂದು ಬೆಳಿಗ್ಗೆ ಫೋನು ಬಂತು: "ಕ್ಲಿನಿಕ್ಕಿನಿಂದ ಕರೆದಿದ್ದಾರೆ, ರಿಪೋರ್ಟು ಬಂದಿದೆಯಂತೆ. ಇವರಿಗೆ ರಜೆ ಸಿಗಲಿಲ್ಲ. ಒಬ್ಬಳೇ ಹೋಗೋಕೆ ನನ್ನ ಕೈಲಾಗಲ್ಲ ಅತ್ತಿಗೆ. ಬರ್ತೀರಾ?"

ಕೈಗೆ ಮೆತ್ತಿದ್ದ ಸೋಡಾ ನೀರನ್ನು ತೊಳೆದುಕೊಂಡು ಕಾವಲಿ ಅಕ್ಕ ಹಾಗೇ ಓಡಿದಳು. ಅದೇ ಗೋಡೆ. ಈ ಸಲ ಬೆಂಚಿನಲ್ಲಿ ಜಾಗ ಸಿಕ್ಕಿತು. ಕೂಸು ಇಬ್ಬರ ನಡುವೆ ನಿಂತು ಬೆಂಚಿನ ಬೆನ್ನನ್ನು ಬಡಿಯುತ್ತ, ಹಿಂದಿನ ಸಾಲಿನ ಮುದುಕನಿಗೆ ನಾಲಿಗೆ ತೋರಿಸುತ್ತಿತ್ತು. ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಬಾಗಿಲು ತೆರೆದಾಗಲೆಲ್ಲ ನಾದಿನಿಯ ಉಗುರು ಇವಳ ತೋಳಿಗೆ ಇಳಿಯುತ್ತಿತ್ತು. ಯಾವಾಗ ಹಿಡಿದುಕೊಂಡಳೋ ಇಬ್ಬರಿಗೂ ಗೊತ್ತಿರಲಿಲ್ಲ.

ಡಾಕ್ಟರಮ್ಮ ಕಾಗದವನ್ನು ಓದಿದರು. ಕನ್ನಡಕ ಸರಿಮಾಡಿಕೊಂಡು ಹಳೆಯ ಕಾಗದವನ್ನು ಪಕ್ಕಕ್ಕಿಟ್ಟು ಮತ್ತೆ ಓದಿದರು.

"ಇಳಿದಿದೆ" ಎಂದರು. "ಚೆನ್ನಾಗಿ ಇಳಿದಿದೆ. ಅರ್ಧಕ್ಕಿಂತ ಕೆಳಗೆ ಬಂದಿದೆ. ಕಬ್ಬಿಣವೂ ಏರ್ತಾ ಇದೆ. ಬೆಳವಣಿಗೆ ವಯಸ್ಸಿಗೆ ತಕ್ಕ ಹಾಗಿದೆ. ಇನ್ನೊಂದು ಸಲ ನೋಡೋಣ, ಆದ್ರೆ ನಾನು ನಿಮ್ಮ ಜಾಗದಲ್ಲಿದ್ರೆ ಇವತ್ತು ನಿದ್ದೆ ಮಾಡ್ತಿದ್ದೆ."

ಹೊರಗೆ ಬಂದು ಕಾವಲಿ ಅಕ್ಕ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳು ಬರುತ್ತದೆಂದುಕೊಂಡಳು, ಬರಲಿಲ್ಲ, ಬರೇ ಬಿಕ್ಕಳಿಕೆಯಂಥದ್ದೇನೋ ಬಂದು ಹೋಯಿತು. ನಾದಿನಿ ಕೂಸನ್ನು ಪಕ್ಕದಲ್ಲಿ ಇಳಿಸಿ ತಾನೂ ಕೂತಳು. ಕೂಸು ಮೆಟ್ಟಿಲ ಮೇಲಿದ್ದ ಒಣಗಿದ ಎಲೆಯನ್ನು ಎತ್ತಿ ಬಾಯಿಗೆ ಹಾಕಿಕೊಳ್ಳಲು ಹೋಯಿತು. ಇಬ್ಬರ ಕೈಯೂ ಒಟ್ಟಿಗೇ ಚಾಚಿ ಅದನ್ನು ಕಿತ್ತುಕೊಂಡವು.

"ಬೈಗುಳ ಬಾಕಿ ಇದೆ ನಿಮಗೆ" ಎಂದಳು ನಾದಿನಿ. "ಮರೆತಿಲ್ಲ ನಾನು."

"ಬೈಯಿ."

"ಇವತ್ತಲ್ಲ. ಹೊಟ್ಟೆ ತಾಳ ಹಾಕ್ತಿದೆ, ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ. ಬನ್ನಿ, ಮೊದಲು ಏನಾದ್ರೂ ತಿನ್ನೋಣ."